ತಾರಮಾಸ್ತರ ಹೊಡೆದುಹಾಕಿದ ಮಾತುಗಳು

ಕೊಪ್ಪಳಕ್ಕೂ ಹೊಸಪೇಟೆಗೂ ನಡುವೆ, ರೈಲು ಒಂದು ನಿಮಿಷ ನಿಂತು, ನಿಂತದ್ದೇ ತಪ್ಪಾಯಿತೇನೋ ಎನ್ನುವಂತೆ ಅವಸರದಲ್ಲಿ ಹೊರಟುಬಿಡುವ ಸಣ್ಣ ಸ್ಟೇಷನ್ನೊಂದರಲ್ಲಿ ಮೌಲಾಹುಸೇನ ಮೂವತ್ತು ವರ್ಷ ತಾರು ಬಡಿದ. ಸುತ್ತೆಲ್ಲ ನಿಜಾಮರ ಸೀಮೆ. ಕಚೇರಿಯ ಕಾಗದ ಉರ್ದುವಿನಲ್ಲಿ, ಸಂತೆಯ ಮಾತು ಕನ್ನಡದಲ್ಲಿ. ಇಂಗ್ಲಿಷು ಎನ್ನುವುದು ರೈಲುಹಳಿಯ ಎರಡೂ ಬದಿಗೆ ನಾಲ್ಕು ಮಾರು ಅಗಲದಲ್ಲಿ ಮಾತ್ರ ಇತ್ತು. ಆ ನಾಲ್ಕು ಮಾರಿನೊಳಗೆ ಅದನ್ನು ಬಲ್ಲವರು ಇಬ್ಬರು. ಒಬ್ಬರು ಸ್ಟೇಷನ್ ಮಾಸ್ತರು. ಅವರು ಎರಡು ವರ್ಷಕ್ಕೊಮ್ಮೆ ಬದಲಾಗುತ್ತಿದ್ದರು. ಇನ್ನೊಬ್ಬ ಮೌಲಾಹುಸೇನ, ಇವನು ಬದಲಾಗಲಿಲ್ಲ.

ಅವನ ಇಂಗ್ಲಿಷು ಪುಸ್ತಕದಿಂದ ಬಂದದ್ದಲ್ಲ. ಹದಿನೇಳರ ವಯಸ್ಸಿನಲ್ಲಿ ಗುಂತಕಲ್ಲಿಗೆ ಹೋಗಿ, ತಾರಿನ ಕಟಕಟ ಸದ್ದಿನಲ್ಲಿ ಕಿವಿಯಿಂದ ಕಲಿತದ್ದು. ತಾರಿನಲ್ಲಿ ಪ್ರತಿ ಮಾತಿಗೂ ದರ. ಹೀಗಾಗಿ ಮಾತನ್ನು ಕಡಿಯುವುದೇ ಅವನ ವಿದ್ಯೆಯಾಯಿತು. ಊರವರು ಬಂದು ಅತ್ತು ಕರೆದು ನಲವತ್ತು ಮಾತು ಹೇಳಿದರೆ ಇವನು ಪೆನ್ಸಿಲ್ಲನ್ನು ಕಿವಿಯಿಂದ ತೆಗೆದು ಎಂಟಕ್ಕೆ ಇಳಿಸಿಕೊಡುತ್ತಿದ್ದ. ಆ ಎಂಟರಲ್ಲಿ ಬೇಕಾದದ್ದು ಎಲ್ಲವೂ ಇರುತ್ತಿತ್ತು. ಅಳು ಒಂದು ಇರುತ್ತಿರಲಿಲ್ಲ, ಅದಕ್ಕೆ ಜಾಗವಿಲ್ಲ.

ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಗಾಳೆಪ್ಪ, ಇವನ ವಾರಿಗೆಯವನೇ, ಹಸಿರು ಬಾವುಟ ಸುತ್ತುತ್ತ ಕಾಲೆಳೆಯುತ್ತಿದ್ದ: "ಮಾಸ್ತರ್ರ, ನಿಮ್ಮ ಕೈಯಾಗ ಕೊಟ್ರ ಬೆಳತನಕ ಆಡೋ ದೊಡ್ಡಾಟಾನೂ ಊಟದ ಹೊತ್ತಿಗೆ ಮುಗಿತೈತಿ ನೋಡ್ರಿ."

ಇದರ ಜೊತೆಗೆ ಇನ್ನೊಂದು ವಿದ್ಯೆ ಇತ್ತು, ಅದು ಕಡಿಯುವುದಲ್ಲ, ಬಿಡಿಸುವುದು. ಆಗಿನ ಕಾಲದಲ್ಲಿ ಸಾವಿನ ಸುದ್ದಿಯನ್ನು ಯಾರೂ ಸಾವು ಎಂದು ತಾರು ಮಾಡುತ್ತಿರಲಿಲ್ಲ. 'ತಾಯಿ ಸೀರಿಯಸ್, ಕೂಡಲೇ ಹೊರಡು' ಎಂದು ಕಳಿಸುತ್ತಿದ್ದರು. ದೂರದಲ್ಲಿರುವ ಮಗ ದಾರಿಯಲ್ಲಿ ಎದೆಯೊಡೆದುಕೊಳ್ಳಬಾರದು, ಊರು ಮುಟ್ಟಲಿ, ಆಮೇಲೆ ಕಂಡುಕೊಳ್ಳುತ್ತಾನೆ ಎನ್ನುವ ಮರ್ಯಾದೆ ಅದು. ತಾರು ಹಿಡಿದು ಓಡಿಬಂದು "ಸೀರಿಯಸ್ ಅಂದ್ರ ಏನ್ರಿ ಮಾಸ್ತರ್ರ?" ಎಂದು ಕೇಳಿದವರಿಗೆ ಮೌಲಾಹುಸೇನ ಸುತ್ತಿ ಬಳಸಿ ಹೇಳುತ್ತಿರಲಿಲ್ಲ. "ಹೋಗ್ಯಾರ. ಮಣ್ಣಿಗೆ ಮುಟ್ಟಾಕ ಮಧ್ಯಾಹ್ನದ ಗಾಡಿ ಹಿಡಿ" ಎಂದುಬಿಡುತ್ತಿದ್ದ. ಮೂವತ್ತು ವರ್ಷದಲ್ಲಿ ಅವನ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ. ತಾರಿನಲ್ಲಿ ಮೆತ್ತಗಿನ ಮಾತು ಕಂಡರೆ ಅದರ ಕೆಳಗೆ ಹೆಣವಿದೆ ಎಂದು ಅವನ ಬೆರಳಿಗೆ ಗೊತ್ತಿತ್ತು. ಇಷ್ಟು ಸುದ್ದಿ ಕೈಯಿಂದ ದಾಟಿಸಿದ ಮನುಷ್ಯನಿಗೆ ಒಳಗೆ ಏನಾದರೂ ಆಗುವುದೇ ನಿಂತುಹೋಗುತ್ತದೆ. ಅವನಿಗೂ ನಿಂತಿತ್ತು. ಅದನ್ನು ಅವನು ತಾಳ್ಮೆ ಎಂದುಕೊಂಡಿದ್ದ.

ಅವನಿಗೆ ಒಬ್ಬಳೇ ಮಗಳು, ಇಮಾಮಬಾನು. ಅವಳ ಗಂಡ ಯಮನೂರಸಾಬ ಗಂಗಾವತಿಯವನು, ಬಾಡಿಗೆ ಲಾರಿ ಓಡಿಸುತ್ತಿದ್ದವನು. ಯುದ್ಧ ಹತ್ತಿದ ಮರುವರ್ಷ ಬಳ್ಳಾರಿಗೆ ಹೋಗಿ ಫೌಜಿನ ಡ್ರೈವರ್ ಆಗಿ ಸೇರಿದ. ಹೆಂಡತಿಯನ್ನು ಮಾವನ ಮನೆಯಲ್ಲಿ ಬಿಟ್ಟು ಹಡಗು ಹತ್ತಿದ. ಸಿಂಗಾಪುರದಿಂದ ಎರಡು ಕಾಗದ ಬಂದವು. ಆಮೇಲೆ ಸಿಂಗಾಪುರವೇ ಜಪಾನಿನವರ ಕೈಗೆ ಹೋಯಿತು.

ಸಾವಿರದ ಒಂಬೈನೂರ ನಲವತ್ತೆರಡರ ಮಳೆಗಾಲದಲ್ಲಿ, ಒಂದು ಮುಂಜಾನೆ, ಮೌಲಾಹುಸೇನ ಎಂದಿನಂತೆ ಕೂತು ಕಟಕಟ ಕೇಳುತ್ತ ಬರೆದುಕೊಳ್ಳುತ್ತಿದ್ದ. ಬರೆಯುವಾಗ ಅರ್ಥ ನೋಡುವ ಪದ್ಧತಿ ಇಲ್ಲ; ಮೊದಲು ಕೈ, ಆಮೇಲೆ ಕಣ್ಣು. ಕಣ್ಣು ಓಡಿಸಿದಾಗ ಹೆಸರು ಯಮನೂರಸಾಬನದಿತ್ತು. ಸರಕಾರ ವಿಷಾದದಿಂದ ತಿಳಿಸುವುದೇನೆಂದರೆ, ಡ್ರೈವರ್ ಯಮನೂರಸಾಬ ಕಾಣೆಯಾಗಿದ್ದಾನೆಂದು ವರದಿಯಾಗಿದೆ, ಸತ್ತಿರಬಹುದೆಂದು ನಂಬಲಾಗಿದೆ. ಮೌಲಾಹುಸೇನ ಗಡಿಯಾರ ನೋಡಿ, ಮೂಲೆಯಲ್ಲಿ ತಾರು ತಲುಪಿದ ಹೊತ್ತು ಬರೆದ. ಸಹಿ ಹಾಕಿದ. ಹತ್ತೂಮುಕ್ಕಾಲರ ಗೂಡ್ಸ್ ಗಾಡಿಗೆ ದಾರಿ ಖಾಲಿ ಎಂದು ಲೈನ್ ಕೊಟ್ಟ. ಆಮೇಲೆ ಟೋಪಿ ಇಟ್ಟುಕೊಂಡು ಮನೆಗೆ ಹೋದ.

ಹೆಂಡತಿ ಫಾತಿಮಾಬೀ ರೊಟ್ಟಿ ಬಡಿಯುತ್ತಿದ್ದಳು. ಇಮಾಮಬಾನು ಪಡಸಾಲೆಯಲ್ಲಿ ಕೌದಿ ಹೊಲಿಯುತ್ತ ಕೂತಿದ್ದಳು. ಅವನು ಹೊಸ್ತಿಲಲ್ಲೇ ನಿಂತು ಹೇಳಿದ: "ಯಮನೂರ ಹೋದ."

"ಎಲ್ಲಿಗೆ?" ಎಂದಳು ಇಮಾಮಬಾನು.

"ಹೋದ ಅವ್ವಾ. ತಾರು ಬಂದೈತಿ."

ಅಷ್ಟೇ. ಅವನು ತಾರು ಓದಲಿಲ್ಲ, ಅವಳಿಗೆ ಓದಲು ಬರುತ್ತಿರಲಿಲ್ಲ. ಕಾಣೆ, ವರದಿ, ನಂಬಿಕೆ ಎಂಬುದೆಲ್ಲ ಸರಕಾರದ 'ಸೀರಿಯಸ್' ಎಂದು ಅವನು ತಿಳಿದ. ಸರಕಾರಕ್ಕೂ ಒಂದು ಮರ್ಯಾದೆ ಇರುತ್ತದಲ್ಲ. ಅವನು ಅದನ್ನು ಬಿಡಿಸಿ, ತಿರುಳು ಮಾತ್ರ ತಂದು ಮಗಳ ಮುಂದೆ ಇಟ್ಟ. ಬಳೆ ಒಡೆದರು. ಕೊರಳಿನ ಕರಿಮಣಿ ತೆಗೆದರು. ನಾಲ್ಕು ತಿಂಗಳು ಹತ್ತು ದಿನ ಅವಳು ಹೊಸ್ತಿಲು ದಾಟದೆ ವಿಧವೆಯ ಇದ್ದತ್ತು ಕೂತಳು. ಬಂದವರೆಲ್ಲ ಅತ್ತರು, ಮೌಲಾಹುಸೇನನ ಕಣ್ಣು ಒದ್ದೆಯಾಗಲಿಲ್ಲ. ಅವನು ಮರುದಿನವೇ ಕೆಲಸಕ್ಕೆ ಹೋದ. ಚಹಾ ಬಿಸಿಯಿತ್ತೋ ಆರಿತ್ತೋ ಅವನಿಗೆ ತಿಳಿಯುತ್ತಿರಲಿಲ್ಲ. ಗಾಳೆಪ್ಪ ಒಂದು ವಾರ ತಮಾಷೆ ಬಿಟ್ಟು ಸುಮ್ಮನಿದ್ದ. ಎಂಟನೆಯ ದಿನ ಮೌಲಾಹುಸೇನನೇ "ಯಾಕೋ, ಬಾಯಾಗ ಏನಾಗೈತಿ?" ಎಂದು ಕೇಳಿದ. ಅಷ್ಟರಮಟ್ಟಿಗೆ ಅವನು ಸರಿಯಾಗಿಯೇ ಇದ್ದ.

ಮುಂದಿನ ಬೇಸಿಗೆಯಲ್ಲಿ ಲೆಡೆರೆರ್ ಸಾಹೇಬ ಬಂದ.

ಈತ ಪ್ರಾಗ್ ಎಂಬ ಊರಿನ ಪಂಡಿತ. ಹಿಟ್ಲರನ ಸೈನ್ಯ ಆ ಊರಿಗೆ ನುಗ್ಗಿದಾಗ ಒಂದು ಪೆಟ್ಟಿಗೆ, ಒಂದು ಟೈಪ್‌ರೈಟರು ಹಿಡಿದು ಹೊರಬಿದ್ದವನು. ಹೆಂಡತಿ ಹಿಂದಿನಿಂದ ಬರುತ್ತೇನೆಂದು ಅಲ್ಲೇ ಉಳಿದಿದ್ದಳು. ಮುಂಬಯಿಗೆ ಬಂದು, ಅಲ್ಲಿ ಇಲ್ಲಿ ಅಲೆದು, ಕೊನೆಗೆ ಹಿರೇಬೆಣಕಲ್ಲಿನ ಗುಡ್ಡದ ಮೇಲಿನ ಕಲ್ಲುಮನೆಗಳನ್ನು ಅಳೆಯಲು ಪರವಾನಗಿ ಪಡೆದು, ಆ ಊರಿನಲ್ಲೇ ಒಂದು ಕೋಣೆ ಹಿಡಿದಿದ್ದ. ಮೋರೇರ ಮನೆ ಎಂದು ನಮ್ಮವರು ಕರೆಯುವ ಆ ಕಲ್ಲುಗೂಡುಗಳ ಸುತ್ತ ದಿನವಿಡೀ ಹಗ್ಗ ಹಿಡಿದು ಓಡಾಡುವನು. ಬಿಸಿಲಿಗೆ ಅವನ ಮೂಗು ಸದಾ ಸುಲಿದಿರುತ್ತಿತ್ತು. ವಾರಕ್ಕೊಮ್ಮೆ ಗಾಡಿ ಹೂಡಿಸಿಕೊಂಡು ಟಪಾಲು ನೋಡಲು ಸ್ಟೇಷನ್ನಿಗೆ ಬರುತ್ತಿದ್ದ. ಟಪಾಲು ಇರುತ್ತಿರಲಿಲ್ಲ.

ಅವನ ಸಂಕಟ ಇದು. ಪ್ರಾಗಿನಲ್ಲಿ ಅವನು ದೊಡ್ಡ ಹೆಸರು. ಆದರೆ ಬರೆದದ್ದೆಲ್ಲ ಜರ್ಮನ್ ಭಾಷೆಯಲ್ಲಿ, ಆ ಭಾಷೆ ಈಗ ಶತ್ರುವಿನದು. ಮುಂಬಯಿಯ ಒಂದು ಕಾಲೇಜು, ಇಂಗ್ಲಿಷಿನಲ್ಲಿ ಒಂದು ಪ್ರಬಂಧ ಅಚ್ಚಾದರೆ ಕೆಲಸ ಕೊಡುತ್ತೇವೆ ಎಂದಿತ್ತು. ಕೆಲಸವಿದ್ದರೆ ಹೆಂಡತಿಯನ್ನು ಕರೆಸಲು ಅರ್ಜಿ ಹಾಕಬಹುದು. ವಿದ್ವಾಂಸರ ಸಂಘವೊಂದು ಅವನ ಕಲ್ಲುಮನೆ ಪ್ರಬಂಧವನ್ನು ನೋಡಿ, ಯುದ್ಧಕಾಲದಲ್ಲಿ ಕಾಗದದ ಬರ, ಒಂಬತ್ತು ಸಾವಿರ ಮಾತನ್ನು ನಾಲ್ಕು ಸಾವಿರಕ್ಕೆ ಇಳಿಸಿ ಇಂಗ್ಲಿಷನ್ನು ಸರಿಮಾಡಿ ಕಳಿಸಿರಿ ಎಂದು ಹಿಂದಕ್ಕೆ ಕಳಿಸಿತ್ತು. ಅವನ ಇಂಗ್ಲಿಷೋ, ಒಂದೊಂದು ವಾಕ್ಯ ಗುಂತಕಲ್ಲಿನಲ್ಲಿ ಹೊರಟರೆ ಗದಗ ಮುಟ್ಟಿದರೂ ಕ್ರಿಯಾಪದದ ಸುಳಿವಿರುತ್ತಿರಲಿಲ್ಲ.

"ಸಾಹೇಬರ, ಮಾತು ಕಡಿಯೋ ಕೆಲಸ ಇದ್ರ ಈ ಸೀಮ್ಯಾಗ ಒಬ್ಬನ ಮನಷಾ" ಎಂದು ಗಾಳೆಪ್ಪ ಕೈಸನ್ನೆಯಲ್ಲಿ ಮೌಲಾಹುಸೇನನನ್ನು ತೋರಿಸಿದ. ಸಾಹೇಬನಿಗೆ ಅದು ಹೇಗೋ ಅರ್ಥವಾಯಿತು.

ಎರಡು ತಿಂಗಳು ಮೌಲಾಹುಸೇನ ಗಾಡಿ ಗಾಡಿಗಳ ನಡುವಿನ ಬಿಡುವಿನಲ್ಲಿ ಆ ಬರಹದ ಮೇಲೆ ಕೂತ. ಮೂವತ್ತು ವರ್ಷದಲ್ಲಿ ಇಷ್ಟು ಮಾತು ಒಟ್ಟಿಗೆ ಅವನ ಕೈಗೆ ಸಿಕ್ಕಿರಲಿಲ್ಲ. ಹಸಿದವನಿಗೆ ಊಟ ಹಾಕಿದಂತಾಯಿತು. ಉದ್ದ ವಾಕ್ಯಗಳನ್ನು ಮುರಿದ, ಎರಡೆರಡು ಸಲ ಹೇಳಿದ್ದನ್ನು ಒಂದು ಮಾಡಿದ. ಆದರೂ ನಾಲ್ಕು ಸಾವಿರಕ್ಕೆ ಬರಲೊಲ್ಲದು. ಆಗ ಅವನ ಕಣ್ಣಿಗೆ ಬಿದ್ದವು ಆ ಮೆತ್ತಗಿನ ಮಾತುಗಳು. ಪುಟಪುಟದಲ್ಲೂ 'ಇರಬಹುದು', 'ಹೀಗೆ ತೋರುತ್ತದೆ', 'ಸಿಕ್ಕಷ್ಟು ಆಧಾರದ ಮೇಲೆ ಊಹಿಸುವುದಾದರೆ', 'ಅಲ್ಲಗಳೆಯಲಾಗದು'. ಪಂಡಿತರ ಮರ್ಯಾದೆ ಇದು ಎಂದು ಮೌಲಾಹುಸೇನ ಒಂದೇ ನೋಟಕ್ಕೆ ಬಿಡಿಸಿದ. ದೊಡ್ಡವರ 'ಸೀರಿಯಸ್'. ಒಂದೂ ಬಿಡದೆ ಹೊಡೆದುಹಾಕಿದ. 'ಇವು ವಾಸದ ಮನೆಗಳಾಗಿರದೆ ಸತ್ತವರಿಗಾಗಿ ಕಟ್ಟಿದ ಗೂಡುಗಳಾಗಿದ್ದಿರಬಹುದೆಂದು ತೋರುತ್ತದೆ' ಎಂದಿದ್ದದ್ದು 'ಇವು ಗೋರಿಗಳು' ಎಂದಾಯಿತು. ಸರಿಯಾಗಿ ನಾಲ್ಕು ಸಾವಿರಕ್ಕೆ ಬಂದು ನಿಂತಿತು. ಬಹಳ ವರ್ಷಗಳ ಮೇಲೆ ಅವನಿಗೆ ಏನೋ ಒಂದಿಷ್ಟು ಹಿತವೆನಿಸಿತು.

ಸಾಹೇಬ ಓದಿದ. ಹುಬ್ಬು ಗಂಟಿಕ್ಕಿದ. ಇಂಗ್ಲಿಷರು ಬಹುಶಃ ಹೀಗೇ ಖಡಾಖಂಡಿತವಾಗಿ ಬರೆಯುತ್ತಾರೇನೋ, ಪರಭಾಷೆಯಲ್ಲಿ ನನಗೇನು ತಿಳಿಯುತ್ತದೆ ಎಂದುಕೊಂಡು ಟೈಪು ಮಾಡಿ ಕಳಿಸಿಬಿಟ್ಟ.

ಆ ಮಳೆಗಾಲ ಹೋಯಿತು. ಇತ್ತ ಮನೆಯಲ್ಲಿ ಇಮಾಮಬಾನುವಿಗೆ ಒಂದು ಸಂಬಂಧ ಬಂತು. ಕುಷ್ಟಗಿಯ ದರ್ಜಿ, ಹೆಂಡತಿ ತೀರಿಕೊಂಡವನು, ಎರಡು ಮಕ್ಕಳು, ಒಳ್ಳೆಯ ನಡತೆ. ಅವಳು ಕೌದಿ ಹೊಲಿಯುತ್ತಾಳೆಂದು ಕೇಳಿ, ಬಂದವರ ಕೈಯಲ್ಲಿ ಒಂದು ಚೀಲದ ತುಂಬ ಬಣ್ಣಬಣ್ಣದ ಬಟ್ಟೆಚೂರು ಕಳಿಸಿದ್ದ. ಫಾತಿಮಾಬೀಗೆ ಆ ಚೀಲ ನೋಡಿಯೇ ಮನಸ್ಸು ಕರಗಿತು. ಇಮಾಮಬಾನು ಹೂಂ ಎನ್ನಲಿಲ್ಲ, ಉಹುಂ ಎನ್ನಲಿಲ್ಲ. ಚೂರುಗಳನ್ನು ಬಣ್ಣಕ್ಕೆ ತಕ್ಕಂತೆ ಆರಿಸಿ ಹೊಲಿಯಲು ಕೂತಳು. ಮೊಹರಂ ಮುಗಿದ ಮೇಲೆ ನಿಕಾಹ್ ಎಂದು ನಿಶ್ಚಯವಾಯಿತು.

ಡಿಸೆಂಬರಿನಲ್ಲಿ ಸಾಹೇಬ ಬಂದ. ಈ ಸಲ ಅವನಿಗೆ ಟಪಾಲು ಬಂದಿತ್ತು. ಪ್ಲಾಟ್‌ಫಾರಮ್ಮಿನ ಬೇವಿನ ಮರದ ಕೆಳಗೆ ನಿಂತು ಓದಿ, ತಾರಿನ ಕೋಣೆಗೆ ಬಂದು ಕಾಗದವನ್ನು ಮೇಜಿನ ಮೇಲಿಟ್ಟ. ಸಂಘದವರು ಬರೆದಿದ್ದರು: 'ಲೇಖಕರು ಆ ಗುಡ್ಡದಲ್ಲಿ ಹೆಣ ಇಳಿಸುವಾಗ ತಾವೇ ನಿಂತು ನೋಡಿದವರಂತೆ ಬರೆದಿದ್ದಾರೆ. ಅಲ್ಲಿ ಒಂದು ಎಲುಬೂ ಸಿಕ್ಕಿಲ್ಲವೆಂದು ಅವರೇ ಹೇಳುತ್ತಾರೆ. ಈ ರೂಪದಲ್ಲಿ ಇದನ್ನು ಅಚ್ಚು ಹಾಕಲಾರೆವು.'

ಇನ್ನು ಮುಂದಿನ ಮಾತು ಇಬ್ಬರೂ ಆಡಿದ್ದು ಇಂಗ್ಲಿಷಿನಲ್ಲಿ. ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ.

ಸಾಹೇಬ ತನ್ನ ಹಳೆಯ ಪ್ರತಿಯನ್ನು ಪಕ್ಕದಲ್ಲಿ ಬಿಡಿಸಿಟ್ಟು ಬೆರಳಿಟ್ಟು ತೋರಿಸಿದ. "ಇಲ್ಲಿ 'ಇರಬಹುದು' ಇತ್ತು. ಇಲ್ಲಿ 'ತೋರುತ್ತದೆ' ಇತ್ತು. ನಲವತ್ತಮೂರು ಕಡೆ. ಎಲ್ಲಿ ಹೋದವು?"

"ತಗದ್ನಿರಿ. ಅವು ಮರ್ಯಾದಿ ಮಾತು. ಅವಕ್ಕ ತೂಕ ಇಲ್ಲ."

"ಯಾರು ಹೇಳಿದರು ನಿಮಗೆ?"

ಮೌಲಾಹುಸೇನ 'ಸೀರಿಯಸ್' ವಿಷಯ ವಿವರಿಸಿದ. ಎಷ್ಟೋ ವರ್ಷದಿಂದ ಒಮ್ಮೆಯೂ ತಪ್ಪಿಲ್ಲ ಎಂದ. ಸಾಹೇಬ ಸಿಟ್ಟಾಗುತ್ತಾನೆ, ಬಯ್ಯುತ್ತಾನೆ ಎಂದುಕೊಂಡಿದ್ದ. ಅದು ನ್ಯಾಯವೂ ಆಗಿತ್ತು, ಬಡಪಾಯಿಯ ನೌಕರಿಯೇ ಹೋದಂತಾಗಿತ್ತು. ಸಾಹೇಬ ಬಯ್ಯಲಿಲ್ಲ. ಸ್ಟೂಲಿನ ಮೇಲೆ ಕೂತ. ಸುಲಿದ ಮೂಗನ್ನು ಒರೆಸಿಕೊಂಡ.

"ಮಾಸ್ತರೇ, ಇದು ಮರ್ಯಾದೆಯಲ್ಲ. ನಾನು ಕಣ್ಣಾರೆ ಕಂಡದ್ದು ಯಾವುದು, ಕಾಣದೆ ಹೇಳುತ್ತಿರುವುದು ಯಾವುದು ಎಂದು ಓದುವವನಿಗೆ ತಿಳಿಯಬೇಕು. ಕಲ್ಲು ಎಷ್ಟು ಉದ್ದ ಅಂದರೆ ನಾನು 'ಇದೆ' ಎನ್ನುತ್ತೇನೆ, ಅಳೆದಿದ್ದೇನೆ. ಒಳಗೆ ಯಾರು ಮಲಗಿದ್ದರು ಅಂದರೆ 'ಇರಬಹುದು' ಎನ್ನಬೇಕು. ಇಡೀ ಪ್ರಬಂಧದಲ್ಲಿ ನನ್ನ ಪ್ರಾಮಾಣಿಕತೆ ಇದ್ದದ್ದು ಆ ನಲವತ್ತಮೂರು ಮಾತಿನಲ್ಲಿ."

ಆಮೇಲೆ ಅವನು ಜೇಬಿನಿಂದ ಮಡಿಸಿ ಮಡಿಸಿ ಹರಿದುಹೋದ ಒಂದು ಫಾರಂ ತೆಗೆದ. ರೆಡ್ ಕ್ರಾಸಿನವರದು. ಯುದ್ಧದ ಆಚೆ ಬದಿಯಲ್ಲಿರುವವರಿಗೆ ಇಪ್ಪತ್ತೈದು ಮಾತು ಬರೆಯಬಹುದು, ಅದರ ಬೆನ್ನಿನ ಮೇಲೆ ಅವರು ಉತ್ತರ ಬರೆಯಬಹುದು. ಅವನು ಹೆಂಡತಿಗೆ ಬರೆದಿದ್ದ. ಬೆನ್ನಿನ ಮೇಲೆ ಉತ್ತರವಿರಲಿಲ್ಲ, ಒಂದು ಮುದ್ರೆಯಿತ್ತು: ವಿಳಾಸದಾರರು ಹೊರಟುಹೋಗಿದ್ದಾರೆ, ಹೊಸ ವಿಳಾಸ ತಿಳಿಯದು.

ಮೌಲಾಹುಸೇನನ ಬೆರಳು ಅಭ್ಯಾಸದ ಪ್ರಕಾರ ಬಿಡಿಸಿತು. ಹೊರಟುಹೋಗಿದ್ದಾರೆ ಅಂದರೆ ಹೋಗಿದ್ದಾರೆ. ಹೇಳಲು ಬಾಯಿ ತೆರೆದ. ಸಾಹೇಬನ ಮುಖ ನೋಡಿ ಬಾಯಿ ಮುಚ್ಚಿದ.

"ನೀವು ಏನು ಓದಿದಿರೋ ನನಗೆ ಗೊತ್ತು" ಎಂದ ಸಾಹೇಬ. "ನಿಮ್ಮ ಲೆಕ್ಕ ನಿಜವೇ ಇದ್ದೀತು. ಆದರೆ ನಾನು ಕಂಡಿಲ್ಲ. ಕಾಣದ್ದನ್ನು 'ಆಯಿತು' ಎಂದು ಬರೆಯುವ ಹಕ್ಕು ನನಗಿಲ್ಲ. ನಿಮಗೂ ಇಲ್ಲ."

ಗಾಡಿ ಬರುವ ಹೊತ್ತಾಗಿತ್ತು. ಮೌಲಾಹುಸೇನ ಎದ್ದು ಲೈನ್ ಕೊಟ್ಟ. ಗಾಡಿ ಬಂತು, ಹೋಯಿತು. ಅವನ ತಲೆಯಲ್ಲಿ ಮಾತ್ರ ಸಾಹೇಬನ ಕಲ್ಲೂ ಇರಲಿಲ್ಲ, ಸಂಘವೂ ಇರಲಿಲ್ಲ. ಆ ಮಳೆಗಾಲದ ಮುಂಜಾನೆಯ ತಾರು ಇತ್ತು. ಕಾಣೆಯಾಗಿದ್ದಾನೆ. ಸತ್ತಿರಬಹುದೆಂದು ನಂಬಲಾಗಿದೆ. ಎರಡು ಮಾತು ಹೊಡೆದುಹಾಕಿ ಮಗಳ ಬಳೆ ಒಡೆಸಿದ್ದೆ ಎಂದು ಅವನಿಗೆ ಗೊತ್ತಾಯಿತು. ಗೊತ್ತಾದರೂ ಎದೆಯಲ್ಲಿ ಏನೂ ಅಲ್ಲಾಡಲಿಲ್ಲ. ಕಾಲು ಜೋಮು ಹಿಡಿದಾಗ ಚಿವುಟಿ ನೋಡುತ್ತೇವಲ್ಲ, ಹಾಗೆ ಅವನು ಆ ತಾರನ್ನು ಮತ್ತೆ ಮತ್ತೆ ನೆನೆಸಿ ನೋಡಿದ.

ಮನೆಯ ಟ್ರಂಕಿನಲ್ಲಿ ಆ ತಾರು ಇತ್ತು. ಅದನ್ನು ಓದಬಲ್ಲವನು ಮನೆಯಲ್ಲಿ ಅವನೊಬ್ಬನೇ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ, ಮಗಳು ಕುಷ್ಟಗಿಗೆ ಹೋಗಿ ಎರಡು ಮಕ್ಕಳ ತಾಯಿಯಾಗಿ ಬದುಕುತ್ತಾಳೆ. ಹೇಳಿದರೆ ಮದುವೆ ಮುರಿಯುತ್ತದೆ. ಹೇಳದೆ, ನಾಳೆ ಯಮನೂರ ಎಲ್ಲಿಂದಲೋ ಎದ್ದು ಬಂದು ಪ್ಲಾಟ್‌ಫಾರಮ್ಮಿನಲ್ಲಿ ಇಳಿದರೆ? ಹದಿನೈದು ದಿನ ಅವನು ಇದನ್ನೇ ತಿರುವಿಹಾಕಿದ. ಅಷ್ಟರಲ್ಲಿ ಸಾಹೇಬನ ಪ್ರಬಂಧಕ್ಕೆ ಆ ನಲವತ್ತಮೂರು ಮಾತನ್ನು ಒಂದೊಂದಾಗಿ ತನ್ನ ಕೈಯಿಂದಲೇ ಹಿಂದಕ್ಕೆ ಹಾಕಿದ. ಜಾಗ ಸಾಲದ್ದಕ್ಕೆ ಬೇರೆ ಕಡೆ ಕಡಿದ. ನಲವತ್ತಮೂರನೆಯದನ್ನು ಬರೆದ ದಿನ ಮನೆಗೆ ಹೋಗಿ ಟ್ರಂಕು ತೆಗೆದ.

ಇಮಾಮಬಾನು ಅಂಗಳದಲ್ಲಿ ಕೌದಿ ಹರವಿಕೊಂಡು ಕೂತಿದ್ದಳು. ಅವನು ಎದುರಿಗೆ ಕೂತು, ತಾರನ್ನು ಒಂದೊಂದು ಮಾತೂ ಬಿಡದೆ ಓದಿ, ಒಂದೊಂದರ ಅರ್ಥವನ್ನೂ ಹೇಳಿದ. ಹೇಳುವಾಗ ಅವನ ದನಿ, ಗಾಡಿ ತಡವಾಗಿದೆ ಎಂದು ಹೇಳುವ ದನಿಯೇ ಆಗಿತ್ತು.

ಅವಳ ಸೂಜಿ ನಿಂತಿತು. "ಅಂದ್ರ ಸತ್ತಿಲ್ಲ?"

"ಹಂಗೂ ಅಂದಿಲ್ಲ."

"ಅಂದ್ರ ಸತ್ತಾರ?"

"ಹಂಗೂ ಅಂದಿಲ್ಲ ಅವ್ವಾ. ಕಂಡಿಲ್ಲ ಅಂದಾರ."

"ಇದನ್ನ ಅವತ್ತ ಯಾಕ ಓದ್ಲಿಲ್ಲ, ಅಬ್ಬಾ?"

"ಸಣ್ಣದು ಮಾಡಿ ಹೇಳೋದು ನನ್ನ ಕೆಲಸ ಆಗಿತ್ತು."

ಇಮಾಮಬಾನು ಬೋಳು ಕೈಗಳನ್ನು ಎತ್ತಿ ಒಮ್ಮೆ ನೋಡಿಕೊಂಡಳು. "ಒಂದು ವರ್ಷದ ಮ್ಯಾಲಾತು. ಅವರು ಬದುಕಿ ಬರ್ಲಿ ಅಂತ ದುವಾ ಮಾಡ್ಲಿಲ್ಲ ನಾ. ಸತ್ತವರಿಗೆ ಮಾಡೋ ದುವಾ ಮಾಡಿದ್ನಿ. ಅವತ್ತ ಓದಿ ಹೇಳಿದ್ರ, ನಾ ಒಬ್ಬಾಕಿ ಅರ ನೆನಸ್ತಿದ್ನಿ, ಎಲ್ಲೆ ಅದಾರೋ ಅಲ್ಲಿಂದ ಬರ್ಲಿ ಅಂತ ಒಬ್ಬಾಕಿ ಅರ ಅಂತಿದ್ನಿ. ಅದನ್ನೂ ಕಡದಿ ನೀ."

ಫಾತಿಮಾಬೀ ಒಳಗಿನಿಂದ ಬಂದು ಎಲ್ಲ ಕೇಳಿ ಹಣೆ ಚಚ್ಚಿಕೊಂಡಳು. "ಸುಮ್ಮ ಇರಬೇಕಿತ್ತು ನೀವು! ಹೊಟ್ಟಿಯೊಳಗ ಹಾಕ್ಕೊಂಡಿದ್ರ ಏನಾಗ್ತಿತ್ತು? ಮೂವತ್ತು ವರ್ಷ ಊರ ಮಂದಿ ಮಾತು ಹೊಟ್ಟಿಯೊಳಗ ಇಟ್ಟೀರಿ, ಇದೊಂದು ಹಿಡಿಸಲಿಲ್ಲೇನು?" ಎಂದು ಕೂಗಾಡಿದಳು. ಅವಳ ಮಾತಿನಲ್ಲೂ ಸುಳ್ಳಿರಲಿಲ್ಲ. ಹೆತ್ತವಳಿಗೆ ಮಗಳ ಮನೆ ಮುಖ್ಯ, ಮಾತಿನ ಲೆಕ್ಕವಲ್ಲ.

ಕೊಪ್ಪಳದ ಕಾಜಿಯವರು ತಾರಿನ ಅರ್ಥ ಕೇಳಿ ಗಡ್ಡ ನೀವಿಕೊಂಡರು. ಖಬರು ಪಕ್ಕಾ ಇಲ್ಲ. ಕಾಣೆಯಾದವನ ಹೆಂಡತಿ ಕಡಿಮೆಯೆಂದರೂ ನಾಲ್ಕು ವರ್ಷ ಕಾಯಬೇಕು, ಅಲ್ಲಿಯವರೆಗೆ ನಿಕಾಹ್ ಆಗದು ಎಂದರು. ಕುಷ್ಟಗಿಗೆ ಹೇಳಿಕಳಿಸಿದರು. ದರ್ಜಿ ಒಳ್ಳೆಯ ಮನುಷ್ಯ, ಒಂದು ಕೆಟ್ಟ ಮಾತಾಡಲಿಲ್ಲ. ಆದರೆ ಅವನ ಮಕ್ಕಳು ಚಿಕ್ಕವು, ಕಾಯುವಂತಿರಲಿಲ್ಲ. ಇಮಾಮಬಾನು ಅರ್ಧ ಹೊಲಿದ ಕೌದಿಯನ್ನು ಉಳಿದ ಚೂರುಗಳ ಸಮೇತ ಅದೇ ಚೀಲದಲ್ಲಿ ಕಟ್ಟಿ ಹಿಂದಕ್ಕೆ ಕಳಿಸಿದಳು. ಅಪ್ಪನ ಕೂಡ ಮಾತು ಬಿಟ್ಟಳು. ಊಟ ಬಡಿಸುವಳು, ನೀರು ಇಡುವಳು, ಮಾತಿಲ್ಲ.

ಊರಿನ ಹೆಂಗಸರಿಗೆ ಅವಳದೇ ಚರ್ಚೆ. ವಿಧವೆಯಾದರೆ ಹೀಗಿರಬೇಕು, ಮುತ್ತೈದೆಯಾದರೆ ಹಾಗಿರಬೇಕು ಎನ್ನುವುದು ಎಲ್ಲರಿಗೂ ಗೊತ್ತು. ಎರಡೂ ಅಲ್ಲದವಳು ಹೇಗಿರಬೇಕೆಂದು ಯಾರಿಗೂ ಗೊತ್ತಿಲ್ಲ. ಅವಳು ತನಗೆ ತಾನೇ ಒಂದು ದಾರಿ ಮಾಡಿಕೊಂಡಳು. ಕರಿಮಣಿಯನ್ನು ಟ್ರಂಕಿನಿಂದ ತೆಗೆದು ಕೊರಳಿಗೆ ಹಾಕಿಕೊಳ್ಳಲಿಲ್ಲ, ತಿರುಗಿ ಟ್ರಂಕಿನಲ್ಲೂ ಇಡಲಿಲ್ಲ. ಸೀರೆಯ ಸೆರಗಿನ ತುದಿಯಲ್ಲಿ ಗಂಟುಹಾಕಿ ಇಟ್ಟುಕೊಂಡಳು. ನೀರಿಗೆ ಹೋಗುವಾಗ ಆ ಗಂಟು ಬೆನ್ನಿಗೆ ಬಡಿಯುತ್ತಿತ್ತು.

ನಲವತ್ತನಾಲ್ಕರ ಬೇಸಿಗೆ ಮುಗಿಯುವಾಗ ಸಾಹೇಬನ ಪ್ರಬಂಧ ಅಚ್ಚಾಯಿತು. ಮುಂಬಯಿಯ ಕೆಲಸವೂ ಸಿಕ್ಕಿತು. ಹೆಂಡತಿಯ ಸುದ್ದಿ ಮಾತ್ರ ಇರಲಿಲ್ಲ. ಅರ್ಜಿಯಲ್ಲಿ ಅವಳ ವಿಳಾಸ ಕೇಳಿದ ಕಡೆ ಏನು ಬರೆಯುವುದು ಎಂದು ಅವನು ಮೌಲಾಹುಸೇನನನ್ನೇ ಕೇಳಿದ, ಇವನಿಗೂ ಹೊಳೆಯಲಿಲ್ಲ. ಹೊರಡುವ ದಿನ ಸಾಹೇಬ ಅಚ್ಚಾದ ಪ್ರತಿಯ ಕೊನೆಯ ಪುಟ ತೋರಿಸಿದ. ಸಣ್ಣ ಅಕ್ಷರದಲ್ಲಿ, ಈ ಬರಹದ ಇಂಗ್ಲಿಷಿಗೆ ನೆರವಾದ ರೈಲ್ವೆಯ ತಾರು ಸಿಗ್ನಲರ್ ಮೌಲಾಹುಸೇನ ಅವರಿಗೆ ಲೇಖಕರು ಋಣಿ ಎಂದಿತ್ತು. ಗಾಳೆಪ್ಪ "ಹೆಸರು ಛಾಪಾ ಆಗೇತಲ್ರಿ ಮಾಸ್ತರ್ರ, ಇನ್ನ ನಮ್ಮನ್ನ ಮಾತಾಡಸ್ತೀರೋ ಇಲ್ಲೋ?" ಎಂದ. ಮೌಲಾಹುಸೇನ ತನ್ನ ಹೆಸರನ್ನು ನೋಡಿದ. ಬೇರೆ ಯಾರದೋ ಹೆಸರು ನೋಡಿದಂತಾಯಿತು. ಅಳಿಯನ ತಾರಿನ ಸುದ್ದಿಯನ್ನು ಅವನಿಂದಲೇ ಕೇಳಿದ್ದ ಸಾಹೇಬ ಗಾಡಿ ಹತ್ತುವ ಮೊದಲು ಎರಡು ಖಾಲಿ ರೆಡ್ ಕ್ರಾಸ್ ಫಾರಂ ಅವನ ಕೈಗಿಟ್ಟು, "ಜಪಾನಿನವರ ಕೈಯಲ್ಲಿ ನಿಮ್ಮ ಅಳಿಯ ಸೆರೆಯಲ್ಲಿ ಇರಬಹುದು. ಇಲ್ಲದೆಯೂ ಇರಬಹುದು. ಕಳಿಸಿ ನೋಡಿ" ಎಂದ.

ಮೌಲಾಹುಸೇನ ಅವನ್ನು ಮನೆಗೆ ತಂದು, ಏನೂ ಹೇಳದೆ ಮಗಳ ಸೂಜಿದಾರದ ಬುಟ್ಟಿಯಲ್ಲಿಟ್ಟು, ಅವು ಏನೆಂದು ಫಾತಿಮಾಬೀಗೆ ಹೇಳಿ ಹೋದ.

ನಾಲ್ಕು ದಿನದ ಮೇಲೆ, ಮಧ್ಯಾಹ್ನದ ಗಾಡಿ ಹೋದ ಹೊತ್ತಿಗೆ, ಇಮಾಮಬಾನು ಸ್ಟೇಷನ್ನಿಗೆ ಬಂದಳು. ತಾರಿನ ಕೋಣೆಗೆ ಅವಳು ಹಿಂದೆಂದೂ ಕಾಲಿಟ್ಟಿರಲಿಲ್ಲ. ಗಾಳೆಪ್ಪ ಸ್ಟೂಲು ಒರೆಸಿ ಕೊಟ್ಟು ಹೊರಗೆ ಹೋದ. ಅವಳು ಫಾರಮ್ಮುಗಳನ್ನು ಮೇಜಿನ ಮೇಲಿಟ್ಟಳು.

"ಅವರಿಗೆ ಬರಿಬೇಕು" ಎಂದಳು. ಐದು ತಿಂಗಳಲ್ಲಿ ಅವನಿಗೆ ಆಡಿದ ಮೊದಲ ಮಾತು.

ಮೌಲಾಹುಸೇನ ಪೆನ್ಸಿಲ್ಲನ್ನು ಬಿಟ್ಟು ಶಾಯಿಯ ಪೆನ್ನು ತೆಗೆದುಕೊಂಡ. ಅವಳು ಎಷ್ಟು ಹೇಳಿದರೂ ಒಂದು ಮಾತನ್ನೂ ಕಡಿಯಬಾರದು, ಎರಡೂ ಫಾರಂ ತುಂಬಿದರೂ ಸರಿ ಎಂದು ಅವನು ಆ ನಾಲ್ಕು ದಿನವೂ ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡಿದ್ದ. "ಹೇಳವ್ವಾ. ಎಲ್ಲಾ ಹೇಳು. ಹಂಗ ಬರಿತೀನಿ."

ಇಮಾಮಬಾನು ಸೆರಗಿನ ಗಂಟನ್ನು ಕೈಯಲ್ಲಿ ಹಿಡಿದುಕೊಂಡಳು.

"ಅದೀರೇನು, ಅಂತ ಕೇಳು."

"ಮುಂದ?" ಎಂದ ಅವನು.

"ಅಷ್ಟ."

"ಇನ್ನೂ ಇಪ್ಪತ್ತು ಮಾತಿಗೆ ಜಾಗ ಐತಿ ಅವ್ವಾ. ಮನಿ ಸುದ್ದಿ ಬರಸು. ನಿನ್ನ ಸುದ್ದಿ ಬರಸು. ನನ್ನ ತಪ್ಪು ಬೇಕಾರೂ ಬರಸು."

"ಬ್ಯಾಡ. ಅದು ಖಾಲಿ ಇರ್ಲಿ ಅಬ್ಬಾ. ಅವರಿಗೆ ಹೇಳೂದು ಭಾಳ ಇರ್ತೈತಿ."

ಉತ್ತರ ಬರೆಯಲು ಬೆನ್ನಿನ ಬದಿಯಲ್ಲಿ ಬೇರೆ ಜಾಗವಿದೆ ಎಂದು ಅವನು ಹೇಳಲಿಲ್ಲ. ಬರೆಯಲು ಬಗ್ಗಿದ. ಹೆಸರು ಬರೆದ, ಡ್ರೈವರ್ ಯಮನೂರಸಾಬ. ಎರಡನೆಯ ಸಾಲಿಗೆ ಬರುವಾಗ ಅಕ್ಷರ ಕಾಣಿಸದಾಯಿತು. ಊರ ಸಾವುಗಳನ್ನೆಲ್ಲ ಒಂದು ಚಿತ್ತೂ ಇಲ್ಲದೆ ಬರೆದುಕೊಂಡಿದ್ದ ಕೈ, ಒಂದು ಪ್ರಶ್ನೆಯ ಮೇಲೆ ನಿಂತುಹೋಯಿತು. ಶಾಯಿಯ ಮೇಲೆ ಹನಿ ಬಿದ್ದು ಹೆಸರು ಹರಡಿತು. ಮೌಲಾಹುಸೇನ ಟೋಪಿ ತೆಗೆದು ಮುಖಕ್ಕೆ ಒತ್ತಿಕೊಂಡು ಅತ್ತ. ಬಾಗಿಲ ಹೊರಗಿದ್ದ ಗಾಳೆಪ್ಪ ದೂರ ಸರಿದು ನಿಂತ.

ಅವನ ಅಳು ನಿಂತ ಮೇಲೆ ಇಮಾಮಬಾನು ಕೆಟ್ಟ ಕಾಗದವನ್ನು ಬದಿಗೆ ಸರಿಸಿ ಇನ್ನೊಂದು ಫಾರಮ್ಮನ್ನು ಅವನ ಮುಂದೆ ಇಟ್ಟಳು.